ಕೃಷ್ಣಮೂರ್ತಿಗಳು ಪಾಲಿಶ್ ಮೆಷಿನ್ ಕೊಂಡದ್ದು

ಗಿರಿಧರರಾಯರು ತೀರಿಕೊಂಡ ಸುದ್ದಿ ವಡೋದರೆಗೆ ಬಂದದ್ದು ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ. ಕೃಷ್ಣಮೂರ್ತಿಗಳು ಆಗ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಕೈಯಲ್ಲಿ ಹಾಲಿನ ಪೊಟ್ಟಣ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಫೋನ್ ಮಾಡಿದವನು ಅಕ್ಕನ ಮಗ ಕಿಶೋರ. ಸೂರತ್ತಿನಲ್ಲೇ ಹುಟ್ಟಿ ಬೆಳೆದವನು. ವಯಸ್ಸು ನಲವತ್ತಾದರೂ ಅವನ ಕನ್ನಡ ಮಾತ್ರ ಇನ್ನೂ ಅಂಬೆಗಾಲಿಡುತ್ತಿತ್ತು.

"ಮಾಮಾ, ಪಪ್ಪಾ ಆಫ್ ಆಗಿ ಹೋದ್ರು," ಎಂದ.

ಬೇರೆ ಊರಿನವರಾಗಿದ್ದರೆ ಏನು ಆಫ್ ಆಯಿತೆಂದು ಕೇಳುತ್ತಿದ್ದರೇನೋ. ಮೂವತ್ತೊಂದು ವರ್ಷ ಗುಜರಾತಿನ ನೀರು ಕುಡಿದ ಕೃಷ್ಣಮೂರ್ತಿಗಳಿಗೆ ಇಲ್ಲಿ ಮನುಷ್ಯರು ಸತ್ತರೆ ಹೀಗೆಯೇ ಹೇಳುತ್ತಾರೆಂದು ಗೊತ್ತಿತ್ತು. ಹಾಲಿನ ಪೊಟ್ಟಣ ಜಾರಿ ಬಿತ್ತು. "ನಿದ್ದೆಯಲ್ಲೇ, ಮಾಮಾ. ತಕ್ಲೀಫ್ ಏನೂ ಆಗಿಲ್ಲ," ಎಂದು ಕಿಶೋರ ಅತ್ತ. ಇತ್ತ ಇವರೂ ಅತ್ತರು. ಬ್ರಷ್ಷು ಬಾಯಲ್ಲೇ ಇತ್ತು.

ಗಿರಿಧರರಾಯರು ಅಕ್ಕ ಸುಲೋಚನಮ್ಮನ ಯಜಮಾನರು. ರೈಲ್ವೆಯಲ್ಲಿ ಇದ್ದು ನಿವೃತ್ತರಾಗಿ ಸೂರತ್ತಿನ ಅಡಾಜಣ್‌ನಲ್ಲಿ ನೆಲೆಸಿದ್ದರು. ನಿವೃತ್ತಿಯ ಮರುದಿನವೇ ಕಡುಗೆಂಪು ಬಣ್ಣದ ಒಂದು ಕಾರು ಕೊಂಡಿದ್ದರು. ಭಾನುವಾರ ಬಂತೆಂದರೆ ಮೊದಲು ಸಂಧ್ಯಾವಂದನೆ, ಆಮೇಲೆ ಕಾರು ಒರೆಸುವುದು, ಆಮೇಲೆ ಕಾಫಿ. ಈ ಕ್ರಮ ಒಮ್ಮೆಯೂ ತಪ್ಪಿದ್ದಿಲ್ಲ. ಹನ್ನೊಂದು ತಿಂಗಳ ಹಿಂದೆ ಕಣ್ಣಿಗೆ ಪೊರೆ ಬಂದು ಡಾಕ್ಟರು ಗಾಡಿ ಓಡಿಸಬೇಡಿ ಎಂದಾಗ, ಕನ್ಯಾದಾನ ಮಾಡುವವರ ಮುಖಭಾವದಲ್ಲಿ ಕಾರಿನ ಕೀಲಿಯನ್ನು ಭಾವಮೈದುನನ ಕೈಗಿಟ್ಟಿದ್ದರು.

ಮೂರನೆಯ ದಿನ ಅಸ್ಥಿ ಆಯ್ದುಕೊಂಡು ಬಂದ ಮೇಲೆ, ಸೂರತ್ತಿನ ಮನೆಯ ತುಂಬ ಇಪ್ಪತ್ತು ಜನ ಕುಳಿತಿದ್ದಾಗ, ಸುಲೋಚನಮ್ಮ ಮೂಲೆಯ ಚಾಪೆಯಿಂದ ಮಾತೆತ್ತಿದರು.

"ಹತ್ತನೇ ದಿನ ಚಾಂದೋದ್‌ನಲ್ಲಿ ನರ್ಮದೆಗೆ ಬಿಡೋಣ. ಭಾನುವಾರ ಬೆಳಿಗ್ಗೆ ರೈಲಿಗೆ ನಾವು ವಡೋದರೆಗೆ ಬರ್ತೀವಿ. ಅಲ್ಲಿಂದ ಅವರ ಕಾರಲ್ಲೇ ಅವರನ್ನು ಕರಕೊಂಡು ಹೋಗೋಣ. ಕಡೇ ಸಲ." ತಮ್ಮನನ್ನು ನೋಡಿ, "ಕಾರು ಚೆನ್ನಾಗಿ ಇಟ್ಟಿದ್ದೀಯ ತಾನೇ, ಕಿಟ್ಟಿ? ಮುಖ ಕಾಣುತ್ತಾ?" ಎಂದರು.

ಇಪ್ಪತ್ತು ಜನರೂ ಕಿಟ್ಟಿಯ ಕಡೆ ತಿರುಗಿದರು.

ಅರವತ್ತಾರು ವರ್ಷದ ಮನುಷ್ಯ, ವಿಮಾ ಕಂಪನಿಯಲ್ಲಿ ಆಡಳಿತಾಧಿಕಾರಿಯಾಗಿದ್ದವರು, ಆ ಹೊತ್ತಿನಲ್ಲಿ ಸತ್ಯ ಹೇಳಬಹುದಾಗಿತ್ತು. ಆದರೆ ಅಕ್ಕನ ಕಣ್ಣು ಊದಿಕೊಂಡಿತ್ತು.

"ಮುಖ ಏನಕ್ಕ, ಮೂಗಿನ ಕೂದಲೂ ಕಾಣುತ್ತೆ," ಎಂದುಬಿಟ್ಟರು.

"ಯಾರ ಹತ್ರ ಮಾಡಿಸ್ತೀಯ?"

"ಯಾರ ಹತ್ರವೂ ಇಲ್ಲ. ನಾನೇ ಪಾಲಿಶ್ ಹಾಕ್ತೀನಿ."

"ಕೈಯಲ್ಲೇ?"

"ಕೈಯಲ್ಲಿ ಯಾಕೆ? ಮೆಷಿನ್ ಇಟ್ಟಿದ್ದೀನಿ."

ಅಕ್ಕನ ಮುಖದಲ್ಲಿ ಮೂರು ದಿನಗಳಲ್ಲಿ ಮೊದಲ ಸಲ ಒಂದಿಷ್ಟು ನೆಮ್ಮದಿ ಕಂಡಿತು. ಪಕ್ಕದಲ್ಲಿ ಕೂತಿದ್ದ ಸುಭದ್ರಮ್ಮ ಗಂಡನನ್ನು ಒಂದು ಸಲ ನೋಡಿ, ತಲೆ ತಗ್ಗಿಸಿ, ಸೆರಗಿನ ಅಂಚನ್ನು ಪರೀಕ್ಷಿಸತೊಡಗಿದರು.

ಕಾರಿನ ನಿಜಸ್ಥಿತಿ ಹೀಗಿತ್ತು. ಗೋರ್ವಾದ ಶ್ರೀಜಿಕೃಪಾ ಸೊಸೈಟಿಯಲ್ಲಿ ಅದು ಹನ್ನೊಂದು ತಿಂಗಳು ಕಹಿಬೇವಿನ ಮರದ ಕೆಳಗೆ ನಿಂತಿತ್ತು. ಮರದ ಮೇಲಿನ ಕಾಗೆ, ಪಾರಿವಾಳ, ಗಿಳಿಗಳು ಜಾತಿಭೇದವಿಲ್ಲದೆ ಅದನ್ನು ಬಳಸಿಕೊಂಡಿದ್ದವು. ಸಂಕ್ರಾಂತಿಯ ಗಾಳಿಪಟದ ಕಾಲದಲ್ಲಿ ಸೊಸೈಟಿಯವರು ಅದರ ಬಾನೆಟ್ಟಿನ ಮೇಲೆ ಅಂಟಿನ ಡಬ್ಬಿ ಇಟ್ಟಿದ್ದರು. ಡಬ್ಬಿ ಹೋಗಿತ್ತು, ವೃತ್ತ ಉಳಿದಿತ್ತು. ಬೇಸಿಗೆಯಲ್ಲಿ ಸ್ವತಃ ಸುಭದ್ರಮ್ಮನೇ, ಬಿಸಿಲು ಬಂಗಾರದಂತಿದೆ ಎಂದು, ಅದರ ತಾರಸಿಯ ಮೇಲೆ ತೆಳು ಪಂಚೆ ಹಾಸಿ ಅರಳುಸಂಡಿಗೆ ಇಟ್ಟಿದ್ದರು. ಉಪ್ಪಿನ ನೀರು ಪಂಚೆಯಿಂದ ಇಳಿದು ಬಣ್ಣ ಹಿಡಿದಿತ್ತು. ಕಾರಿನ ನೆತ್ತಿಯ ಮೇಲೆ ಈಗ ಎಂಬತ್ತೆರಡು ಬಿಳಿ ಚುಕ್ಕೆಗಳು ಸಾಲಾಗಿ ನಿಂತಿದ್ದವು. ಮೂಗಿನ ಕೂದಲಿರಲಿ, ಎದುರಿಗೆ ಎಮ್ಮೆ ನಿಂತರೂ ಅದರಲ್ಲಿ ಕಾಣುವಂತಿರಲಿಲ್ಲ.

"ಅಕ್ಕನಿಗೆ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳಿಬಿಡಿ," ಎಂದರು ಸುಭದ್ರಮ್ಮ.

"ತಪ್ಪು ಎಲ್ಲಿದೆ?" ಎಂದರು ಕೃಷ್ಣಮೂರ್ತಿಗಳು. "ಕಾರು ಹೊಳೀತಿದೆ ಅಂದೆ, ನಾನೇ ಪಾಲಿಶ್ ಹಾಕ್ತೀನಿ ಅಂದೆ, ಮೆಷಿನ್ ಇದೆ ಅಂದೆ. ಭಾನುವಾರದೊಳಗೆ ಮೆಷಿನ್ ತಂದು, ನಾನೇ ಪಾಲಿಶ್ ಹಾಕಿ, ಕಾರು ಹೊಳೆದರೆ, ಹೇಳಿದ್ದರಲ್ಲಿ ಸುಳ್ಳು ಯಾವುದು?"

ವಿಮಾ ಕಂಪನಿಯಲ್ಲಿ ಮೂವತ್ತೆರಡು ವರ್ಷ ಇದ್ದವರ ತರ್ಕ ಕೇಳಿ ಸುಭದ್ರಮ್ಮ ಮೆಷಿನ್ನಿಗೆ ದುಡ್ಡು ಎಣಿಸಲು ಒಳಗೆ ಹೋದರು.

ಸೋಮವಾರ ಅಲ್ಕಾಪುರಿಯ ಅಂಗಡಿಯೊಂದರಲ್ಲಿ ನಿತೇಶ್ ಎಂಬ ಯುವಕ ಎರಡು ಮೆಷಿನ್ನುಗಳನ್ನು ಅಕ್ಕಪಕ್ಕ ಇಟ್ಟ. ನೋಡಲು ಎರಡೂ ಒಂದೇ. ಉದ್ದನೆಯ ಕತ್ತು, ಕತ್ತಿನ ತುದಿಯಲ್ಲಿ ಗಿರಗಿರ ತಿರುಗುವ ತಟ್ಟೆ, ತಟ್ಟೆಗೆ ಉಣ್ಣೆಯ ಟೊಪ್ಪಿಗೆ.

"ಅಂಕಲ್, ಇದು ಬಜೆಟ್. ಇದು ಪ್ರೀಮಿಯಂ."

ಪ್ರೀಮಿಯಂ ಎಂಬ ಮಾತನ್ನು ಜೀವಮಾನವೆಲ್ಲ ಬೇರೆಯವರಿಗೆ ಹೇಳಿ ಅಭ್ಯಾಸವಿದ್ದ ಕೃಷ್ಣಮೂರ್ತಿಗಳಿಗೆ, ಅದನ್ನು ಇನ್ನೊಬ್ಬರು ತಮಗೆ ಹೇಳಿದಾಗ ಹೇಗಾಗುತ್ತದೆಂದು ಅಂದೇ ತಿಳಿದದ್ದು. ಬೆಲೆ ಕೇಳಿದರು. ಪ್ರೀಮಿಯಂ ಮೆಷಿನ್ನಿಗೆ ಬಜೆಟ್ ಮೆಷಿನ್ನಿನ ಹತ್ತರಷ್ಟು.

"ಎರಡೂ ತಿರುಗುತ್ತವೇನಪ್ಪ?"

"ತಿರುಗುತ್ತವೆ, ಅಂಕಲ್."

"ಹಾಗಾದರೆ ಇದು ಏನು ಹೆಚ್ಚಿಗೆ ಮಾಡುತ್ತೆ?"

"ತಿರುಗೋದು ದೊಡ್ಡ ಮಾತಲ್ಲ. ಹೇಗೆ ತಿರುಗೋಕೆ ಶುರುಮಾಡುತ್ತೆ ಅನ್ನೋದು ನೋಡಿ."

ನಿತೇಶ್ ಪ್ರೀಮಿಯಂ ಮೆಷಿನ್ನಿನ ಗುಂಡಿ ಒತ್ತಿದ. ಅದು ಮಧ್ಯಾಹ್ನದ ನಿದ್ದೆಯಿಂದ ಏಳುವ ಮೇಲಧಿಕಾರಿಯ ಹಾಗೆ, ಮೊದಲು ಒಂದು ಸುತ್ತು, ಯೋಚಿಸಿ ಎರಡನೆಯದು, ಹೀಗೆ ನಿಧಾನವಾಗಿ ವೇಗ ಹಿಡಿಯಿತು. ಮೇಲಿನಿಂದ ಒತ್ತಿದರೂ ವೇಗ ತಗ್ಗಲಿಲ್ಲ. ನಂತರ ಬಜೆಟ್ ಮೆಷಿನ್ನಿನ ಗುಂಡಿ ಒತ್ತಿದ. ಅದು ಬಾಲಕ್ಕೆ ಪಟಾಕಿ ಕಟ್ಟಿದಂತೆ ಎಗರಿ, ಕೌಂಟರಿನ ಮೇಲಿದ್ದ ಚಹದ ಲೋಟವನ್ನು ಒರೆಸಿಕೊಂಡು ಹೋಯಿತು.

"ಸ್ವಲ್ಪ ಹುಷಾರಾಗಿ ಹಿಡೀಬೇಕು," ಎಂದ ನಿತೇಶ್, ನೆಲ ಒರೆಸುತ್ತ. "ಒಂದೇ ಕಡೆ ನಿಲ್ಲಿಸಬಾರದು. ಕಾದು ಬಣ್ಣವೇ ಎದ್ದು ಬರುತ್ತೆ. ಅಂಚಿನಲ್ಲಂತೂ ಬಲು ಬೇಗ."

ಆದರೆ ಕೃಷ್ಣಮೂರ್ತಿಗಳ ಕಣ್ಣು ಡಬ್ಬಿಯ ಮೇಲಿನ ಅಂಕಿಯಲ್ಲಿ ನೆಟ್ಟಿತ್ತು. ಪ್ರೀಮಿಯಂ: ನಿಮಿಷಕ್ಕೆ ಎರಡು ಸಾವಿರದ ಇನ್ನೂರು ಸುತ್ತು. ಬಜೆಟ್: ಮೂರು ಸಾವಿರದ ಐನೂರು. ಹತ್ತರಷ್ಟು ಕೊಟ್ಟು ಸಾವಿರದ ಮುನ್ನೂರು ಸುತ್ತು ಕಡಿಮೆ ತರುವ ವ್ಯವಹಾರ ಯಾವ ಶಾಸ್ತ್ರದಲ್ಲಿದೆ? ಆದರೂ ನಾಳೆ ಹೇಳುತ್ತೇನೆಂದು ಮನೆಗೆ ಬಂದರು. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಸೊಸೈಟಿಯ ಸೆಕ್ರೆಟರಿ ಚಂದ್ರಕಾಂತಭಾಯಿ ಕೂತಿದ್ದರು. ಬಟ್ಟೆಯ ವ್ಯಾಪಾರಿ, ಕೊಳ್ಳುವ ಮಾರುವ ಮಾತಿನಲ್ಲಿ ಗೋರ್ವಾದಲ್ಲೇ ಅವರ ಮುಂದೆ ಯಾರೂ ಇಲ್ಲ. ಅವರ ಸಲಹೆ ಕೇಳಿದರು.

"ಒಂದೇ ಪ್ರಶ್ನೆ, ಮೂರ್ತಿಭಾಯಿ," ಎಂದರು ಚಂದ್ರಕಾಂತಭಾಯಿ. "ಕಾರು ಎಷ್ಟು ದಿನ ಹೊಳೀಬೇಕು?"

"ಒಂದೇ ದಿನ. ಈ ಭಾನುವಾರ. ಅದರ ಮೇಲೆ ಏನಾದರೂ ಆಗಲಿ."

ಚಂದ್ರಕಾಂತಭಾಯಿ ಬೇವಿನ ಕೆಳಗಿನ ಕಾರನ್ನು ನೋಡಿದರು, ಮೂರ್ತಿಭಾಯಿಯನ್ನು ನೋಡಿದರು, ಕಣ್ಣು ಸಣ್ಣದು ಮಾಡಿದರು.

"ಸಮಜಿ ಗಯೋ, ಅರ್ಥವಾಯಿತು," ಎಂದರು. "ಒಂದು ದಿನಕ್ಕಾದರೆ ಬಜೆಟ್ ಸಾಕೇ ಸಾಕು."

"ಇನ್ನೊಂದು ಮಾತು. ಅಕ್ಕನಿಗೆ ಈ ವಿಷಯ ಯಾವ ಕಾರಣಕ್ಕೂ ತಿಳೀಬಾರದು."

"ಅರೇ, ಇದು ನನ್ನ ಹೊಟ್ಟೆಯೊಳಗೇ ಇರುತ್ತೆ," ಎಂದು ಚಂದ್ರಕಾಂತಭಾಯಿ ಹೊಟ್ಟೆ ಮುಟ್ಟಿ ತೋರಿಸಿದರು. ಹೊಟ್ಟೆ ದೊಡ್ಡದಾಗಿಯೇ ಇತ್ತು. ಆದರೆ ಸೊಸೈಟಿಯ ವಾಟ್ಸಾಪ್ ಗುಂಪು ಅದಕ್ಕಿಂತ ದೊಡ್ಡದು. ಒಂದು ದಿನ ಹೊಳೆದರೆ ಸಾಕು ಎನ್ನುವವನು ಕಾರನ್ನು ಯಾಕೆ ಹೊಳೆಯಿಸುತ್ತಾನೆ? ಮಾರುವುದಕ್ಕೆ. ಅಕ್ಕನಿಗೆ ತಿಳಿಯಬಾರದು ಎಂದರೆ? ಬೇಗ ಮಾರುವುದಕ್ಕೆ. ನೆರೆಯವನ ಕಷ್ಟಕ್ಕೆ ಆಗುವುದು ಧರ್ಮವೆಂದು ನಂಬಿದ್ದ ಚಂದ್ರಕಾಂತಭಾಯಿ, ಕಾರಿನ ಒಂದು ಫೋಟೋ ತೆಗೆದು, ಸಂಡಿಗೆಯ ಚುಕ್ಕೆ ಕಾಣದ ಹಾಗೆ ಕೆಳಗಿನಿಂದ ತೆಗೆದು, 'ಒಬ್ಬರೇ ಓಡಿಸಿದ ಗಾಡಿ, ಮಾಲೀಕರು ಸ್ವರ್ಗಸ್ಥರು, ತುರ್ತು' ಎಂದು ಬರೆದು, ನೂರಾ ನಲವತ್ತು ಜನರ ಗುಂಪಿಗೆ ಹಾಕಿದರು. ಕೃಷ್ಣಮೂರ್ತಿಗಳು ಆ ಗುಂಪನ್ನು ಎಂದೂ ತೆರೆದು ನೋಡಿದವರಲ್ಲ.

ಮಂಗಳವಾರ ಬಜೆಟ್ ಮೆಷಿನ್ ಮನೆಗೆ ಬಂತು. ಬುಧವಾರದಿಂದ ಜನ ಬರತೊಡಗಿದರು.

ಮೊದಲು ಬಂದವರು ಮೂರನೆಯ ಮನೆಯ ದಂತವೈದ್ಯರು. ಎಂದೂ ಬಾರದವರು ಸಂತಾಪ ಹೇಳಲು ಬಂದದ್ದು ಕಂಡು ಕೃಷ್ಣಮೂರ್ತಿಗಳು ತಾವೇ ಕುರ್ಚಿ ಒರೆಸಿ ಕೊಟ್ಟರು. ವೈದ್ಯರು ಭಾವನವರ ಚಿತ್ರಕ್ಕೆ ಅರ್ಧ ಕೈಮುಗಿದು, ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರು.

"ಬಹಳ ಚೆನ್ನಾಗಿ ನೋಡಿಕೊಂಡಿದ್ದರಂತೆ," ಎಂದರು.

"ಮಗುವಿನ ಹಾಗೆ," ಎಂದರು ಕೃಷ್ಣಮೂರ್ತಿಗಳು. "ಮೂರು ತಿಂಗಳಿಗೆ ಒಂದು ಸಲ ಆಯಿಲ್ ಬದಲಾಯಿಸೋರು. ಹಳ್ಳ ಕಂಡರೆ ಇಳಿದು, ಆಳ ನೋಡಿ, ಮತ್ತೆ ಹತ್ತೋರು. ಅಹಮದಾಬಾದಿಗೆ ಒಂದು ಸಲ ಕರಕೊಂಡು ಹೋದರು. ಏಳು ಗಂಟೆ ತಗೊಂಡರು, ಸ್ವಾಮಿ. ಹಿಂದಿನ ಎತ್ತಿನಗಾಡಿಯವನು ದಾರಿ ಬಿಡಿ ಅಂತ ಕೂಗ್ತಾ ಇದ್ದ." ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂತು. ವೈದ್ಯರ ಕಣ್ಣು ಕೂಡ ಹೊಳೆಯಿತು. ಎತ್ತಿನಗಾಡಿಗಿಂತ ನಿಧಾನ ಓಡಿದ ಕಾರು ಪ್ರಪಂಚದಲ್ಲಿ ಎಷ್ಟು ಸಿಕ್ಕೀತು?

"ಹಾಗಾದರೆ ಕೊನೆಯ ಮಾತು ಏನು?" ಎಂದು ವೈದ್ಯರು ಎದ್ದರು.

"ಅಯ್ಯೋ, ಕೊನೆಗೆ ಮಾತೇ ಆಡಲಿಲ್ಲ. ನಿದ್ದೆಯಲ್ಲೇ ಹೋದರು. ಭಾನುವಾರ ಎಂಟು ಗಂಟೆಗೆ ಅಕ್ಕ ಬರ್ತಾರೆ, ನೀವೂ ಬನ್ನಿ."

ಮಾಲೀಕಳು ಭಾನುವಾರ ಎಂಟಕ್ಕೆ ಬರುತ್ತಾಳೆ, ಆಗ ತೀರ್ಮಾನ ಎಂದುಕೊಂಡು ವೈದ್ಯರು ಹೊರಟರು. ಅವರ ಹಿಂದೆ ಟೈಲ್ಸ್ ಅಂಗಡಿಯವರು, ಅವರ ಹಿಂದೆ ಮೇಲಿನ ಮಹಡಿಯ ನವದಂಪತಿಗಳು. ಅವರಲ್ಲಿ ಹೆಂಡತಿ ಕಾರಿನೊಳಗೆ ಕೂತು ಹಾರನ್ ಒತ್ತಿ ನೋಡಿದಳು. ಬಂದವರೆಲ್ಲ ಹೋಗುವಾಗ ಟೈರಿಗೆ ಒಂದೊಂದು ಒದೆ ಕೊಟ್ಟು ಹೋಗುತ್ತಿದ್ದರು. "ಇದು ಇಲ್ಲಿಯ ಪದ್ಧತಿ ಇರಬೇಕು," ಎಂದು ಕೃಷ್ಣಮೂರ್ತಿಗಳು ಹೆಂಡತಿಗೆ ವಿವರಿಸಿದರು. "ಸತ್ತವರ ವಾಹನ ಮುಟ್ಟಿ ಹೋಗೋದು."

"ಕಾಲಲ್ಲಿ ಮುಟ್ಟೋದೇನ್ರೀ?"

"ಪದ್ಧತಿ ಅಂದಮೇಲೆ ಕೈ ಏನು, ಕಾಲು ಏನು?"

ಶುಕ್ರವಾರ ಕೆಲಸ ಶುರುವಾಯಿತು. ಕೃಷ್ಣಮೂರ್ತಿಗಳು ಪಂಚೆ ಬಿಗಿದುಟ್ಟು, ತಲೆಗೆ ಟವೆಲು ಸುತ್ತಿ, ಗಣಪತಿಗೆ ಕೈಮುಗಿದು, ಕಾರಿನ ನೆತ್ತಿಯ ಮೇಲೆ ಕಾಂಪೌಂಡ್ ಎಂಬ ಬಿಳಿ ಲೇಪವನ್ನು ದೋಸೆಹಿಟ್ಟಿನ ಹಾಗೆ ಧಾರಾಳವಾಗಿ ಹುಯ್ದು, ಗುಂಡಿ ಒತ್ತಿದರು. ಮೆಷಿನ್ ಎಗರಿತು. ಅದು ಎಡಕ್ಕೆ ಹೋಯಿತು, ಅವರೂ ಹೋದರು. ಅದು ಬಲಕ್ಕೆ ಬಂತು, ಅವರೂ ಬಂದರು. ವಯರು ಹಿಡಿದು ನಿಂತಿದ್ದ ಸುಭದ್ರಮ್ಮ, "ಬಿಟ್ಟುಬಿಡೀಂದ್ರೆ!" ಎಂದು ಕೂಗಿದರು. "ಬಿಟ್ಟರೆ ಅಟ್ಟಿಸಿಕೊಂಡು ಬರುತ್ತೆ ಕಣೇ!" ಎಂದು ಅವರು ಕೂಗಿದರು. ಕಾರಿಗೆ ಒಂದೂವರೆ ಪ್ರದಕ್ಷಿಣೆಯಾದ ಮೇಲೆ ಸುಭದ್ರಮ್ಮ ಬುದ್ಧಿ ಓಡಿಸಿ ಪ್ಲಗ್ಗನ್ನೇ ಕಿತ್ತರು. ಆಗ ಕೃಷ್ಣಮೂರ್ತಿಗಳ ಕನ್ನಡಕ, ಮೀಸೆ, ಮರದ ಮೇಲಿನ ಒಂದು ಪಾರಿವಾಳ, ಎಲ್ಲವೂ ಬೆಳ್ಳಗಾಗಿದ್ದವು. ಮೆಷಿನ್ ಓಡಿದ ದಾರಿಯಲ್ಲಿ ಮಾತ್ರ ಅಂಗೈಯಗಲದ ಕೆಂಪು, ಹೊಸ ಕುಂಕುಮದಂತೆ ಜ್ವಲಿಸುತ್ತಿತ್ತು.

"ಏನೇ! ಸಂಡಿಗೆ ಹೋಯ್ತು ಕಣೇ!"

ಅಲ್ಲಿಂದ ಅವರನ್ನು ಹಿಡಿಯುವವರಿರಲಿಲ್ಲ. ಶನಿವಾರ ಸಂಜೆಯ ಹೊತ್ತಿಗೆ ಮೆಷಿನ್ ಅವರಿಗೆ ಅಲ್ಪಸ್ವಲ್ಪ ಪಳಗಿತ್ತು, ಅಥವಾ ಅವರು ಅದಕ್ಕೆ ಪಳಗಿದ್ದರು. ನೆತ್ತಿ, ಬಾನೆಟ್ಟು, ಮೂರು ಬಾಗಿಲು ಹೊಳೆದವು. ಉಳಿದದ್ದು ಎಡಗಡೆಯ ಹಿಂದಿನ ಬಾಗಿಲೊಂದೇ. ಅಷ್ಟರಲ್ಲಿ ಕೈ ಮೇಲೇಳದಾಯಿತು. ಊಟದ ತುತ್ತನ್ನೂ ಸುಭದ್ರಮ್ಮನೇ ಬಾಯಿಗಿಡುತ್ತಿದ್ದಾಗ ಕಿಶೋರನ ಫೋನ್ ಬಂತು.

"ಮಾಮಾ, ಮಮ್ಮಿ ಮೊಬೈಲಲ್ಲಿ ಕಾರ್ ಫೋಟೋ ನೋಡಿದಾಳೆ. ಯಾರೋ ಫಾರ್ವರ್ಡ್ ಮಾಡಿದ. ಮಮ್ಮಿ ಊಟ ಮಾಡಿಲ್ಲ, ಬೋಲ್ತಾನೂ ಇಲ್ಲ. ನೀವು ಪಪ್ಪಾನ ಕಾರ್ ಸೇಲ್ ಮಾಡ್ತೀರಾ?"

ಕೃಷ್ಣಮೂರ್ತಿಗಳು ಬಾಯಿಗೆ ಬಂದ ತುತ್ತಿನಿಂದ ಮುಖ ತಿರುಗಿಸಿದರು. "ಯಾರೋ ಹೇಳಿದ್ದು? ಅಕ್ಕನಿಗೆ ಕೊಡೋ ಫೋನು!" ಎಂದರು. ಅಕ್ಕ ಫೋನ್ ತೆಗೆದುಕೊಳ್ಳಲಿಲ್ಲ.

ಕೃಷ್ಣಮೂರ್ತಿಗಳು ಎಂಜಲು ಬಾಯಲ್ಲೇ ಚಂದ್ರಕಾಂತಭಾಯಿಯ ಮನೆಗೆ ಓಡಿದರು. "ನಾನು ಕಾರು ಮಾರುತ್ತಾ ಇಲ್ಲ! ಎಷ್ಟು ಕೊಟ್ಟರೂ ಮಾರಲ್ಲ!"

ಚಂದ್ರಕಾಂತಭಾಯಿ ಮೆಚ್ಚುಗೆಯಿಂದ ಅವರ ಬೆನ್ನು ತಟ್ಟಿದರು. "ವಾಹ್, ಮೂರ್ತಿಭಾಯಿ! ಇಷ್ಟು ವರ್ಷದಲ್ಲಿ ನಿಮಗೆ ವ್ಯಾಪಾರ ಬಂತು. ನಾಳೆ ಎಲ್ಲರ ಮುಂದೆಯೂ ಹೀಗೇ ಹೇಳಿ, ಇದೇ ಮುಖ ಇಟ್ಟುಕೊಂಡು. ಬೆಲೆ ತಾನಾಗಿ ಏರುತ್ತೆ."

"ಎಲ್ಲರೂ ಅಂದರೆ?"

"ನೀವೇ ಕರೆದಿರಲ್ಲ, ಎಂಟು ಗಂಟೆಗೆ? ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ನಾನೇ ಹೇಳಿದ್ದೀನಿ, ಎಲ್ಲರೂ ಬಿಳಿ ಬಟ್ಟೆಯಲ್ಲಿ ಬನ್ನಿ, ಬೆಸಣೂ ಆದಂತಾಗುತ್ತೆ, ಗಾಡಿ ನೋಡಿದಂತೆಯೂ ಆಗುತ್ತೆ." ಬೆಸಣು ಎಂದರೆ ಇಲ್ಲಿಯವರು ಬಿಳಿ ಉಟ್ಟು, ಸತ್ತವರ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂತು, ಕೈಮುಗಿದು ಹೋಗುವ ಪದ್ಧತಿ.

ಕೃಷ್ಣಮೂರ್ತಿಗಳು ಮನೆಗೆ ಬಂದು ದೇವರ ಮುಂದೆ ಕೂತರು. ಒಂದೇ ದಾರಿ ಕಂಡಿತು. ಅಕ್ಕ ರಿಕ್ಷಾದಿಂದ ಇಳಿದಾಗ ಕಾರು ಪೂರ್ತಿಯಾಗಿ, ನಾಲ್ಕೂ ಬಾಗಿಲು, ಕನ್ನಡಿಯಂತಿರಬೇಕು. ಭಾವನವರ ಹಾಗೆ ಅದನ್ನು ನೋಡಿಕೊಂಡವನು ಮಾರುವವನಲ್ಲವೆಂದು ಅಕ್ಕನಿಗೆ ಕಣ್ಣಿಗೇ ಕಾಣಬೇಕು. ಬಾಯಿಮಾತಿನಿಂದ ಆಗುವ ಕೆಲಸ ಮುಗಿದಿತ್ತು.

ಭಾನುವಾರ ಏಳೂವರೆಗೆ ಅವರು ನಾಲ್ಕನೆಯ ಬಾಗಿಲಿನ ಮುಂದೆ ಮೆಷಿನ್ ಹಿಡಿದು ಕುಕ್ಕರಗಾಲಲ್ಲಿ ಕೂತಾಗ, ಬೇವಿನ ಮರದ ಕೆಳಗೆ ಹದಿನಾಲ್ಕು ಜನ ಶುಭ್ರ ಬಿಳಿಯಲ್ಲಿ ಕೊಕ್ಕರೆಗಳ ಹಾಗೆ ನಿಂತಿದ್ದರು. ಕುರ್ಚಿಯ ಮೇಲೆ ಭಾವನವರ ಚಿತ್ರ. ಚಂದ್ರಕಾಂತಭಾಯಿ ಎಲ್ಲರನ್ನೂ ಹತ್ತಿರ ಕರೆದು, "ನೋಡಿ, ಗಾಡಿ ಮೇಲೆ ಎಂಥ ಪ್ರೀತಿ, ಮಾರುವ ದಿನವೂ ಪಾಲಿಶ್," ಎಂದು ಹೇಳುತ್ತಿದ್ದರು.

"ಮಾರಲ್ಲ ಅಂದೆನಲ್ಲ!" ಎಂದು ಕೃಷ್ಣಮೂರ್ತಿಗಳು ಅರಚಿದರು.

"ಭಾರೀ ಗಟ್ಟಿ ಆಸಾಮಿ," ಎಂದು ದಂತವೈದ್ಯರು ಪಕ್ಕದವರ ಕಿವಿಯಲ್ಲಿ ಹೇಳಿದರು.

ಗೇಟಿನ ಬಳಿ ರಿಕ್ಷಾ ನಿಂತ ಸದ್ದು ಕೇಳಿತು. ಅರ್ಧ ಬಾಗಿಲು ಬಾಕಿ. ಕೃಷ್ಣಮೂರ್ತಿಗಳು, ನಿಮಿಷಕ್ಕೆ ಮೂರು ಸಾವಿರದ ಐನೂರು ಸುತ್ತು ಇರುವುದೇ ಇಂಥ ಹೊತ್ತಿಗೆಂದು, ವೇಗದ ತಿರುಪನ್ನು ಕೊನೆಯವರೆಗೂ ತಿರುಗಿಸಿ, ಉಳಿದಿದ್ದ ಕಾಂಪೌಂಡನ್ನೆಲ್ಲ ಬಾಗಿಲಿಗೆ ಮೆತ್ತಿ, ಗುಂಡಿ ಒತ್ತಿದರು.

ಮುಂದಿನ ಹತ್ತು ಸೆಕೆಂಡು ಶ್ರೀಜಿಕೃಪಾ ಸೊಸೈಟಿಯ ಇತಿಹಾಸದಲ್ಲಿ ಉಳಿಯತಕ್ಕದ್ದು. ಕಾರಿನ ಕೆಂಪು ಬಣ್ಣ ಕುಡಿದು ಕೆಂಪಾಗಿದ್ದ ಲೇಪ, ಉಣ್ಣೆಯ ಟೊಪ್ಪಿಗೆಯಿಂದ ಹೊರಟು, ಹದಿನಾಲ್ಕು ಬಿಳಿ ಬಟ್ಟೆಗಳ ಮೇಲೆ ಪಕ್ಷಪಾತವಿಲ್ಲದೆ ಹಂಚಿಹೋಯಿತು. ನವದಂಪತಿಗಳು ಒಬ್ಬರ ಹಿಂದೊಬ್ಬರು ಅಡಗಿಕೊಳ್ಳಲು ಹೋಗಿ ಇಬ್ಬರೂ ಮುಂದೆ ಬಂದರು. ಚಂದ್ರಕಾಂತಭಾಯಿ ಕೊಡೆ ಎಂದು ಕೂಗಿದರು. ಹೆದರಿದ ಕೃಷ್ಣಮೂರ್ತಿಗಳು ಮೆಷಿನ್ನನ್ನು ಬಾಗಿಲಿನ ಅಂಚಿಗೆ ಒತ್ತಿ ಹಿಡಿದುಕೊಂಡುಬಿಟ್ಟರು, ಕಂಬ ತಬ್ಬಿದವರ ಹಾಗೆ. ಸುಟ್ಟ ವಾಸನೆ ಬಂತು. ಮೆಷಿನ್ನಿನ ಕತ್ತಿನಿಂದ ನೀಲಿ ಹೊಗೆ ಎದ್ದು, ಒಂದು ಸಲ ಕೆಮ್ಮಿ, ಅದು ತಾನೂ ಆಫ್ ಆಯಿತು.

ಬಾಗಿಲಿನ ಮೇಲೆ ಅಂಗೈಯಗಲ ಬಣ್ಣ ಹೋಗಿತ್ತು. ಅದರ ಕೆಳಗೆ ತಗಡಿರಲಿಲ್ಲ. ತಗ್ಗು ಮುಚ್ಚಲು ಬೆಣ್ಣೆಯ ಹಾಗೆ ದಪ್ಪಗೆ ಮೆತ್ತಿದ ಹಳದಿ ಪುಟ್ಟಿ ಇತ್ತು.

"ಪುಟ್ಟಿ!" ಎಂದರು ಟೈಲ್ಸ್ ಅಂಗಡಿಯವರು, ಮುಖ ಒರೆಸಿಕೊಳ್ಳುತ್ತ. "ಗುದ್ದಿಸಿದ ಗಾಡಿ! ಮುಚ್ಚಿಟ್ಟು ಮಾರುತ್ತಿದ್ದರು!"

"ಮೂರ್ತಿಭಾಯಿ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ," ಎಂದರು ದಂತವೈದ್ಯರು.

"ಮಾರ್ತಾ ಇದ್ದೀಯೇನೋ, ಕಿಟ್ಟಿ?"

ಗುಂಪು ಎರಡಾಗಿ ಸರಿಯಿತು. ಸುಲೋಚನಮ್ಮ ನಿಂತಿದ್ದರು. ಅವರ ಹಿಂದೆ, ಅಸ್ಥಿಯ ಮಡಕೆಯನ್ನು ಮನೆಯೊಳಗೆ ತರುವಂತಿಲ್ಲವಾದ್ದರಿಂದ, ಅದನ್ನು ಎದೆಗವಚಿಕೊಂಡು ಕಿಶೋರ ಗೇಟಿನಲ್ಲೇ ನಿಂತಿದ್ದ.

ಕೃಷ್ಣಮೂರ್ತಿಗಳು ಏಳಲು ಹೋದರು. ಕಾಲು ಜೋಮು ಹಿಡಿದಿತ್ತು. ಕೂತಲ್ಲೇ ಹೇಳತೊಡಗಿದರು. "ಇಲ್ಲಕ್ಕ. ಮಾರ್ತಾ ಇಲ್ಲ. ಸುಳ್ಳು ಹೇಳಿದೆ. ಕಾರು ಹೊಳೀತಿರಲಿಲ್ಲ, ಒಂದು ಸಲವೂ ಒರೆಸಿರಲಿಲ್ಲ. ಮರದ ಕೆಳಗೆ ಬಿಟ್ಟೆ. ಸಂಡಿಗೆ ಇಟ್ಟೆವು. ಮೆಷಿನ್ನೂ ಇರಲಿಲ್ಲ, ಮಂಗಳವಾರ ತಂದೆ. ನೀನು ಬರೋದ್ರೊಳಗೆ ಹೊಳೀಲಿ ಅಂತ. ಈಗ ನೋಡು, ಭಾವನ ಬಾಗಿಲೇ ಹಾಳುಮಾಡಿದೆ. ಆದರೆ ಈ ಪುಟ್ಟಿ ನಾನು ಮೆತ್ತಿದ್ದಲ್ಲಕ್ಕ. ದೇವರಾಣೆಗೂ ಇದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ."

ಅಕ್ಕ ಬಾಗಿಲಿನ ಬಳಿ ಬಂದರು. ಬಗ್ಗಿ ಆ ಹಳದಿಯನ್ನು ಬೆರಳಿನಿಂದ ಮುಟ್ಟಿದರು.

"ನನಗೆ ಗೊತ್ತು," ಎಂದರು. "ಮೆತ್ತಿಸಿದ್ದು ನಾನು."

ಹದಿನಾಲ್ಕು ಜನಕ್ಕೂ ಕನ್ನಡ ಬಾರದು. ಆದರೂ ಎಲ್ಲರೂ ಒಂದು ಹೆಜ್ಜೆ ಹತ್ತಿರ ಬಂದರು.

"ಹನ್ನೆರಡು ವರ್ಷ ಆಯ್ತು. ನಿಮ್ಮ ಭಾವ ಪೆನ್ಷನ್ ಕೆಲಸ ಅಂತ ಮೂರು ದಿನ ಅಹಮದಾಬಾದಿಗೆ ಹೋಗಿದ್ದರು. ಇವರೇನು ದೊಡ್ಡ ಬ್ರಹ್ಮವಿದ್ಯೆ ಮಾಡ್ತಾರೆ, ನಾನೂ ಓಡಿಸ್ತೀನಿ ಅಂತ ಕೀಲಿ ತಗೊಂಡೆ. ಹಿಂದಕ್ಕೆ ತಗೋಳೋವಾಗ ಗೇಟಿನ ಕಂಬ ಎದುರಿಗೆ ಬಂತು."

"ಹಿಂದಕ್ಕೆ ಹೋಗೋವಾಗ ಕಂಬ ಎದುರಿಗೆ ಹೇಗಕ್ಕ ಬರುತ್ತೆ?"

"ಸುಮ್ಮನಿರೋ. ಒಬ್ಬ ಪೇಂಟರನ್ನ ಕರೆಸಿ ಎರಡು ದಿನದಲ್ಲಿ ಪುಟ್ಟಿ ಹಾಕಿಸಿ 'ಹೊಸದೇ' ಅನ್ನೋ ಹಾಗೆ ಮಾಡಿಸಿದೆ. ಅವರು ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಈ ಬಾಗಿಲು ಸವರಿ, 'ಸುಲೋಚನಾ, ಈ ಬಾಗಿಲು ಎಷ್ಟು ಚೆನ್ನಾಗಿದೆ' ಅಂದರು. ಮಿಕ್ಕ ಮೂರು ಬಾಗಿಲ ಮಾತೇ ಎತ್ತಲಿಲ್ಲ. ಸದ್ಯ, ಗೊತ್ತಾಗಲಿಲ್ಲ ಅಂತ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ." ಅಕ್ಕ ಆ ಹಳದಿಯ ಮೇಲೆ ಮತ್ತೆ ಕೈಯಿಟ್ಟರು. "ಮಾರನೇ ಭಾನುವಾರ ಎಲ್ಲಿಂದಲೋ ಒಂದು ಹಳೇ ಟೈರು ತಂದು ಆ ಕಂಬಕ್ಕೆ ಕಟ್ಟಿದರು. ಯಾಕ್ರೀ ಅಂದ್ರೆ, ಹಾಲಿನವನು ಸೈಕಲ್ ಗುದ್ದಿಸಿಕೊಂಡು ಬಿದ್ದಾನು ಅಂದರು."

ಗೇಟಿನಿಂದ ಕಿಶೋರ ಕೂಗಿದ. "ಮಮ್ಮಿ! ನಮ್ಮ ಹಾಲಿನವನಿಗೆ ಸೈಕಲ್ಲೇ ಇಲ್ಲ! ಅವನು ನಡೆದು ಬರ್ತಾಳೆ!"

ಸುಲೋಚನಮ್ಮ ಬಾಯಿ ತೆರೆದರು. ಹನ್ನೆರಡು ವರ್ಷ ದಿನಾ ಹಾಲು ಹಾಕಿಸಿಕೊಂಡವರಿಗೆ ಆ ಟೈರು ಯಾರಿಗಾಗಿ ಎಂದು ಈಗ ಹೊಳೆಯಿತು. ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು, ಕೆಂಪು ಲೇಪದ ಕೆಸರಿನಲ್ಲೇ, ತಮ್ಮನ ಪಕ್ಕ ಕುಸಿದು ಕೂತರು. ಅಳುತ್ತಾರೆಂದು ಸುಭದ್ರಮ್ಮ ಓಡಿಬಂದರು. ಅಕ್ಕ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ಧಾರೆಯಾಗಿ ನೀರು ಸುರಿಸುತ್ತ, "ಹಾಲಿನವನಂತೆ, ಹಾಲಿನವನು!" ಎಂದು ನಗುತ್ತಿದ್ದರು. ಕೃಷ್ಣಮೂರ್ತಿಗಳೂ ನಕ್ಕರು. ಏನೂ ಅರ್ಥವಾಗದ ಚಂದ್ರಕಾಂತಭಾಯಿಗೆ ಸುಭದ್ರಮ್ಮ ಗುಜರಾತಿಯಲ್ಲಿ ವಿಷಯ ಹೇಳಿದರು. ಅವರು ಹದಿಮೂರು ಜನಕ್ಕೆ ಹೇಳಿದರು. ನಗು ಬೇವಿನ ಮರದ ಸುತ್ತ ಒಂದು ಸುತ್ತು ತಿರುಗಿ ಬಂತು. ಚಿತ್ರದಲ್ಲಿದ್ದ ಗಿರಿಧರರಾಯರ ಮೂಗಿನ ಮೇಲೂ ಒಂದು ಕೆಂಪು ಹನಿ ಬಿದ್ದಿತ್ತು, ಯಾರೂ ಒರೆಸಲಿಲ್ಲ.

"ಅಂಗಡಿಯವನು ದುಬಾರಿ ಮೆಷಿನ್ ತಗೊಳ್ಳಿ ಅಂದಿದ್ದ ಅಕ್ಕ," ಎಂದರು ಕೃಷ್ಣಮೂರ್ತಿಗಳು, ತಪ್ಪೊಪ್ಪಿಗೆಯ ಬಾಕಿ ತೀರಿಸುವಂತೆ. "ಅದು ಮೆತ್ತಗೆ ಹೋಗುತ್ತಂತೆ. ಬಣ್ಣ ಕೀಳೋದಿಲ್ಲವಂತೆ."

"ಸದ್ಯ, ತರಲಿಲ್ಲವಲ್ಲ," ಎಂದರು ಅಕ್ಕ, ಕಣ್ಣೊರೆಸಿಕೊಂಡು. "ಅವರ ಗುಟ್ಟು ನನಗೆ ಯಾವತ್ತು ತಿಳೀತಿತ್ತು? ಏಳು, ಹೊತ್ತಾಯ್ತು. ಆ ಬಾಗಿಲನ್ನ ಹಾಗೇ ಬಿಡು. ನಾನು ಆ ಕಡೆಯೇ ಕೂರ್ತೀನಿ."

ಹೀಗೆ ಗಿರಿಧರರಾಯರು ತಮ್ಮ ಕಾರಿನಲ್ಲೇ, ಮಗನ ತೊಡೆಯ ಮೇಲೆ ಕೂತು, ಗಂಟೆಗೆ ನಲವತ್ತು ಕಿಲೋಮೀಟರ್ ಮೀರದಂತೆ ಚಾಂದೋದ್‌ಗೆ ಹೋದರು. ಬೆಳಿಗ್ಗೆಯೇ ಬಿಳಿ ಉಟ್ಟು ಬಂದು ಬರಿಗೈಯಲ್ಲಿ ಮನೆಗೆ ಹೋಗುವುದು ವ್ಯಾಪಾರಸ್ಥರಿಗೆ ಸರಿಕಾಣದೆಯೋ, ಮನಸ್ಸು ಕರಗಿಯೋ, ಚಂದ್ರಕಾಂತಭಾಯಿಯೂ ಆ ಹದಿಮೂರು ಜನವೂ ನಾಲ್ಕು ಗಾಡಿಗಳಲ್ಲಿ ಹಿಂದೆ ಬಂದರು. ಬಿಳಿಯ ಮೇಲೆ ಮೈತುಂಬ ಕೆಂಪು ಚುಕ್ಕೆಯ ಆ ಗುಂಪನ್ನು ಕಂಡು ಘಾಟಿನ ಪುರೋಹಿತರು, ಇವರು ಯಾವ ಸಂಪ್ರದಾಯದವರೆಂದು ಕಿಶೋರನನ್ನು ಗುಟ್ಟಾಗಿ ಕೇಳಿದರು. "ಕರ್ನಾಟಕದ್ದು," ಎಂದ ಕಿಶೋರ. ಪುರೋಹಿತರು ಗೌರವದಿಂದ ತಲೆಯಾಡಿಸಿದರು.

ಓರ್ಸಂಗ್ ನದಿ ನರ್ಮದೆಯನ್ನು ಸೇರುವಲ್ಲಿ ದೋಣಿ ನಿಂತಿತು. ಕಿಶೋರ ಮಡಕೆಯನ್ನು ಬಗ್ಗಿಸಿದ. ಬೂದಿ ನೀರಿನ ಮೇಲೆ ಒಂದು ಕ್ಷಣ ತೇಲಿ, ಇಳಿಯಿತು. ಪುರೋಹಿತರ ಮಂತ್ರ ಮುಗಿದ ಮೇಲೆ ಅಕ್ಕ, "ನೀನೊಂದು ಮಾತು ಹೇಳು, ಕಿಟ್ಟಿ," ಎಂದರು. ಕೃಷ್ಣಮೂರ್ತಿಗಳು ಬೊಗಸೆಯಲ್ಲಿ ನೀರು ಎತ್ತಿಕೊಂಡು ಕಣ್ಣು ಮುಚ್ಚಿದರು.

"ತಾಯೀ ನರ್ಮದೇ, ನಮ್ಮ ಭಾವನವರು ನಿನ್ನ ಮಡಿಲಿಗೆ ಬಂದಿದ್ದಾರೆ, ತಣ್ಣಗೆ ಇರಿಸಿಕೋ. ಸ್ವಾಮೀ ನಾರಾಯಣಾ, ನಮ್ಮ ತಪ್ಪುಗಳನ್ನೆಲ್ಲ ಅವರು ಕಂಡೂ ಕಾಣದ ಹಾಗೆ ಇದ್ದುಬಿಟ್ಟರು. ಅವರದ್ದೇನಾದರೂ ಇದ್ದರೆ ನೀನೂ ಹಾಗೆಯೇ ಕಂಡೂ ಕಾಣದ ಹಾಗೆ ಬಿಟ್ಟುಬಿಡು. ಆ ಜೀವಕ್ಕೆ ಶಾಂತಿ ಕೊಡು."